ಭಂಡಾರ ಎಂದು ಬರೆದ ಜಾಗ

ಮಲ್ಲಂದೂರಿನ ಮೇಲ್ಗಡೆಯ ಎಸ್ಟೇಟೊಂದರಲ್ಲಿ ಬಾಲರಾಜ್ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅವನ ಅಜ್ಜ ಅದೇ ತೋಟದ ಲೈನ್ ಮನೆಗೆ ಕೂಲಿಗೆ ಬಂದವನು, ಅಪ್ಪ ಮೇಸ್ತ್ರಿಯಾಗಿ ಸತ್ತವನು. ಎಸ್ಸೆಸ್ಸೆಲ್ಸಿ ಪಾಸಾಗಿ ಆಫೀಸಿನ ಕುರ್ಚಿಯಲ್ಲಿ ಕೂತವನು ಆ ವಂಶದಲ್ಲಿ ಇವನೊಬ್ಬನೇ. ಮಕ್ಕಳಿರಲಿಲ್ಲ. ಹೆಂಡತಿ ತಂಗಮ್ಮ ಅದೇ ತೋಟದಲ್ಲಿ ಕೊಯ್ಲಿಗೆ ಹೋಗುತ್ತಿದ್ದಳು. ಗಂಡ ರೈಟರಾದ ಮೇಲೂ ಅವಳು ಕೆಲಸ ಬಿಡಲಿಲ್ಲ, ಅವನೂ ಬಿಡು ಅನ್ನಲಿಲ್ಲ.

ತೋಟದ ತುದಿಯ ಗುಡ್ಡದಲ್ಲಿದ್ದ ಕಾಫಿಗೆ ಹಳೇಪಟ್ಣದ ಬ್ಲಾಕು ಎಂದು ಹೆಸರು. ಹೆಸರು ಯಾಕೆ ಬಂತೆಂದು ಯಾರೂ ಕೇಳಿದ್ದಿಲ್ಲ. ಗಿಡ ನೆಡಲು ಗುಂಡಿ ತೋಡಿದರೆ ಮಡಕೆಯ ಚೂರು ಏಳುತ್ತಿತ್ತು, ಅಷ್ಟೇ. ಒಂದು ಬೇಸಿಗೆಯಲ್ಲಿ ಗಿಡಗಳ ರೆಂಬೆ ಸವರಿ ಕಸಿ ಮಾಡಿ ನೆಲ ಕಾಣಿಸತೊಡಗಿದಾಗ, ಬಾಲರಾಜನ ಕಣ್ಣಿಗೆ ಎರಡು ಸಾಲು ಕಲ್ಲು ಬಿದ್ದವು. ಎದುರುಬದುರು, ನೂಲು ಹಿಡಿದಂತೆ ನೆಟ್ಟಗೆ, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಅವನು ಸುಮಾರು ಹೊತ್ತು ಅಲ್ಲೇ ನಿಂತ. ಇದು ಬೀದಿ ಎಂದು ಆಗ ಹೊಳೆಯಿತು. ಅವನು ದಿನಾ ತಿರುಗಾಡುತ್ತಿದ್ದದ್ದು ಯಾರದೋ ಅಂಗಡಿಗಳ ಒಳಗೆ.

ಅಲ್ಲಿಂದ ಮುಂದೆ ಅವನ ಭಾನುವಾರಗಳೆಲ್ಲ ಆ ಗುಡ್ಡಕ್ಕೆ ಹೋದವು. ಟೇಪಿನ ಒಂದು ತುದಿ ಅವನು ಹಿಡಿದರೆ ಇನ್ನೊಂದು ತುದಿ ತಂಗಮ್ಮ ಹಿಡಿಯುತ್ತಿದ್ದಳು. ಕಳಸದಲ್ಲಿ ಜೀಪು ಓಡಿಸುತ್ತಿದ್ದ ಅವಳ ತಮ್ಮ ದೇವರಾಜ ಬಂದರೆ ಅವನೂ ಕೈಜೋಡಿಸುತ್ತಿದ್ದ. ಕಾಲಿಗೆ ಕಚ್ಚಿದ ಇಂಬಳ ಕಿತ್ತೆಸೆಯುತ್ತಾ, ಲಂಟಾನ ಸವರುತ್ತಾ ಅವರು ಕೋಟೆಯ ಮಣ್ಣಿನ ದಿಬ್ಬವನ್ನು ಹುಡುಕಿದರು, ಅದರ ಹೊರಗೆ ಸುತ್ತಲೂ ತೋಡಿದ್ದ ಅಗಳನ್ನು ಹುಡುಕಿದರು, ಮುಚ್ಚಿಹೋದ ಬಾವಿ, ಗಾಣದ ಕಲ್ಲು, ಮುಖ ಸವೆದ ವೀರಗಲ್ಲುಗಳನ್ನು ಹುಡುಕಿದರು. ಒಂದು ಕಡೆ ನೆಲವೆಲ್ಲ ಬೂದಿ ಮತ್ತು ಮಡಕೆಯ ಓಡು. ಇದು ಕುಂಬಾರರ ಕೇರಿ ಇದ್ದೀತು ಎಂದಳು ತಂಗಮ್ಮ. ಅವನು ಹಾಗೇ ಬರೆದುಕೊಂಡ.

ಮನೆಯಲ್ಲಿ ದೊಡ್ಡ ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಊಟದ ಮೇಜನ್ನೇ ತೆರವು ಮಾಡಿಕೊಂಡು ನಕ್ಷೆ ಶುರು ಮಾಡಿದ. ಮೊದಲು ಪೆನ್ಸಿಲು, ಆಮೇಲೆ ಕಪ್ಪು ಶಾಯಿ. ಕಲ್ಲು ಸಿಕ್ಕಿದ ಕಡೆ ಅಖಂಡ ಗೆರೆ, ಇದ್ದಿರಬಹುದು ಅನ್ನಿಸಿದ ಕಡೆ ಚುಕ್ಕೆ ಗೆರೆ. ಹಕ್ಕಿ ಮೇಲಿನಿಂದ ನೋಡಿದಂತೆ ಒಂದೊಂದು ಮನೆಗೂ ಮಾಡು ಹಾಕಿದ, ಮಾಡಿಗೆ ಹುಲ್ಲು ಹೊದಿಸಿದ. ಬಾವಿಕಟ್ಟೆಯ ಮೇಲೆ ಕೊಡ, ಸಂತೆಮಾಳದಲ್ಲಿ ನೊಗ ಇಳಿಸಿದ ಗಾಡಿ, ಹೆಬ್ಬಾಗಿಲಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಾವಲುಗಾರ. ಮಳೆಗಾಲಗಳು ಹೀಗೇ ಕಳೆದವು. ಅಷ್ಟು ಸುಖವಾಗಿ ಅವನು ಮುಂಚೆ ಬದುಕಿರಲಿಲ್ಲ.

ಕೋಟೆಯ ನಡುವೆ ಒಂದು ಸಣ್ಣ ಚೌಕದ ತಳಪಾಯವಿತ್ತು. ಬೇರೆಲ್ಲ ಗೋಡೆಗಳಿಗಿಂತ ಮೂರು ಪಟ್ಟು ದಪ್ಪ, ಬಾಗಿಲಿನ ಗುರುತೇ ಇಲ್ಲ. ಅದೇನೆಂದು ಅವನಿಗೆ ತಿಳಿಯಲಿಲ್ಲ. ಬಹಳ ದಿನ ಖಾಲಿ ಬಿಟ್ಟ. ಕೊನೆಗೆ ಚುಕ್ಕೆ ಗೆರೆಯಲ್ಲಿ ಮಾಡು ಎಳೆದು, ಸಣ್ಣ ಅಕ್ಷರದಲ್ಲಿ ‘ಭಂಡಾರ’ ಎಂದು ಬರೆದ.

ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು ಹಾಲೇಶ್ ಒಮ್ಮೆ ಮನೆಗೆ ಬಂದು ನಕ್ಷೆ ನೋಡಿ ಬೀದಿ ಬೀದಿಯ ಮೇಲೂ ಬೆರಳಾಡಿಸಿದರು. ಆ ನವೆಂಬರಿನ ರಾಜ್ಯೋತ್ಸವಕ್ಕೆ ಅದನ್ನು ಶಾಲೆಯ ಗೋಡೆಗೆ ಹಚ್ಚಿಸಿದರು, ಬಾಲರಾಜನಿಗೆ ಶಾಲು ಹೊದಿಸಿದರು. ಬಂದವರೆಲ್ಲ ನಕ್ಷೆಯ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ತಂಗಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಕುಂಬಾರಕೇರಿ ನಾನು ಹೇಳಿದ್ದು ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಮೊದಲ ಗುಂಡಿ ಕಾಣಿಸಿತು. ಕಾಡುಹಂದಿ ಇರಬೇಕೆಂದುಕೊಂಡು ಹತ್ತಿರ ಹೋದ ಬಾಲರಾಜನಿಗೆ ಅಂಚಿನಲ್ಲಿ ಕುಂಕುಮ, ಒಡೆದ ತೆಂಗಿನಕಾಯಿ, ಸುಟ್ಟ ನಿಂಬೆಹಣ್ಣು ಕಂಡವು. ನಿಧಿ ತೆಗೆಯುವವರು. ವಾರ ಕಳೆಯುವುದರಲ್ಲಿ ಇನ್ನೂ ನಾಲ್ಕು ಗುಂಡಿಗಳಾದವು, ವೀರಗಲ್ಲೊಂದು ಬುಡಮೇಲಾಗಿ ಬಿದ್ದಿತ್ತು. ಗುಂಡಿ ಬಿದ್ದ ಜಾಗಗಳನ್ನು ಅವನು ಒಂದೊಂದಾಗಿ ನೋಡುತ್ತ ಹೋದ. ಎಲ್ಲ ಅವನು ಗುರುತು ಹಾಕಿದ ಜಾಗಗಳೇ. ಅವನ ನಕ್ಷೆ ವಾಟ್ಸಾಪಿನಲ್ಲಿ ಊರೂರು ತಿರುಗುತ್ತಿತ್ತು. ಫೋನಿನ ಅಂಗೈಯಗಲದ ಪರದೆಯಲ್ಲಿ ಚುಕ್ಕೆ ಗೆರೆಗೂ ಅಖಂಡ ಗೆರೆಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ‘ಭಂಡಾರ’ ಎಂಬ ಪದಕ್ಕೆ ಮಾತ್ರ ಯಾರೋ ಕೆಂಪು ಸುತ್ತು ಹಾಕಿದ್ದರು.

ಅವನು ತೋಟದ ಸಾಹುಕಾರ್ ಮಲ್ಲಿಕಾರ್ಜುನಪ್ಪನವರಿಗೆ ಹೇಳಿದ. ಅವರು ಕಾವಲಿಗೆ ಒಬ್ಬನನ್ನು ಹಾಕಿದರು, ಅವನು ಹೆದರಿ ಬಿಟ್ಟುಹೋದ. ಫೋಟೋ ಅಳಿಸಿಬಿಡಿ ಎಂದು ಬಾಲರಾಜ್ ಸಿಕ್ಕಸಿಕ್ಕವರನ್ನು ಕೇಳಿಕೊಂಡ, ಅವರು ನಕ್ಕರು. ಗುರುತಿಲ್ಲದವರು ಫೋನ್ ಮಾಡಿ ಅಳತೆ ಸಮೇತ ಇನ್ನೊಂದು ಪ್ರತಿ ಕೊಡ್ತೀರಾ ಎಂದು ವಿಚಾರಿಸತೊಡಗಿದರು. ಒಂದು ದಿನ ಅವನು ಬ್ಲೇಡು ತಗೊಂಡು ಮೂಲ ಹಾಳೆಯ ಮೇಲಿನ ಆ ಪದವನ್ನು ಕೆರೆದು ತೆಗೆದ. ಕಾಗದ ಸವೆದು ಅಡಿಯ ಮೇಜು ಕಾಣಿಸಿತು. ಅದರಿಂದ ಆದದ್ದೇನೂ ಇಲ್ಲ.

ಯುಗಾದಿಗೆ ದೇವರಾಜ ಬಂದಿದ್ದ. ಉಂಡು, ಜಗಲಿಯಲ್ಲಿ ಕಾಲು ಚಾಚಿ ಕೂತು ಸುಮ್ಮನೆ ಮಾತಿಗೆಂಬಂತೆ ಕೇಳಿದ:

“ಭಾವ, ಆ ಭಂಡಾರ ನಿಜ್ವಾಗ್ಲೂ ಇತ್ತಾ?”

ಗೊತ್ತಿಲ್ಲ ಮಾರಾಯ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ತಿಂಗಳಿಂದ ಅವನ ನಕ್ಷೆಯ ಬಗ್ಗೆ ಒಬ್ಬರೂ ಒಳ್ಳೇ ಮಾತಾಡಿರಲಿಲ್ಲ. ಬಾಲರಾಜನಿಗೆ ಒಳಗೊಳಗೇ ಉಬ್ಬಿ ಬಂತು.

“ಇಲ್ದೆ ಏನು? ಅಷ್ಟು ದಪ್ಪ ಗೋಡೆ ಬೇರೆ ಯಾತಕ್ಕೆ ಕಟ್ತಾರೆ?” ಎಂದ.

ದೇವರಾಜ ಹೂಂಗುಟ್ಟಿದ. ಅವನ ಜೀಪನ್ನು ಬಾಡಿಗೆಗೆ ಹಿಡಿದ ಹೊರಗಿನ ಇಬ್ಬರು ಆಗಲೇ ಅವನ ಜೊತೆ ಮಾತಾಡಿದ್ದರೆಂಬುದು ಆಮೇಲೆ ತಿಳಿದದ್ದು.

ಜುಲೈ ತಿಂಗಳಲ್ಲಿ, ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಗಿಡಗಳಿಗೆ ಮದ್ದು ಹೊಡೆಯಲು ಹೋದ ಆಳುಗಳು ಓಡಿ ಬಂದರು. ದಪ್ಪ ಗೋಡೆಯ ಚೌಕದೊಳಗೆ ಆಳುದ್ದ ತೋಡಿದ್ದರು. ನೆನೆದ ಮಣ್ಣು ತಳಪಾಯದ ಕಲ್ಲುಗಳ ಸಮೇತ ಒಳಕ್ಕೆ ಕುಸಿದಿತ್ತು. ಜೀಪು ಬಾಡಿಗೆಗೆ ಹಿಡಿದಿದ್ದ ಆ ಇಬ್ಬರು ಓಡಿಹೋಗಿದ್ದರು. ಕಲ್ಲು ಎತ್ತಿ ದೇವರಾಜನನ್ನು ಮೇಲೆ ತರುವಾಗ ಮಧ್ಯಾಹ್ನ ದಾಟಿತ್ತು. ತಳದಲ್ಲಿ ಏನೂ ಇರಲಿಲ್ಲ. ಬಂಡೆ ಇತ್ತು.

ಸಬ್ ಇನ್ಸ್‌ಪೆಕ್ಟರು ಅವನ ಜೇಬಿನ ಫೋನು ಒರೆಸಿ ಹಚ್ಚಿದರು. ಹತ್ತಿಕೊಂಡಿತು. ನಕ್ಷೆ ಬಂತು. ಇದನ್ನು ಬರೆದವರು ಯಾರು ಎಂದು ಅವರು ಕೇಳಿದರು. ನಾನೇ ಸರ್ ಎಂದ ಬಾಲರಾಜ್. ತಮ್ಮನ ಮುಖದ ಮಣ್ಣನ್ನು ಸೆರಗಿನಲ್ಲಿ ಒರೆಸುತ್ತಿದ್ದ ತಂಗಮ್ಮ ತಲೆ ಎತ್ತಿ ಗಂಡನನ್ನು ಕೇಳಿದಳು:

“ಅಲ್ಲಿ ಭಂಡಾರ ಇತ್ತು ಅಂತ ನಿಮ್ಗೆ ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ನಾನೇ ಅಂದ್ಕೊಂಡೆ.”

ಅವಳು ಮತ್ತೆ ಮುಖ ಒರೆಸತೊಡಗಿದಳು. ಯುಗಾದಿಯ ದಿನ ಜಗಲಿಯಲ್ಲಿ ಆಡಿದ ಮಾತನ್ನು ಹೇಳಿಬಿಡಬೇಕೆಂದು ಬಾಲರಾಜನ ಬಾಯಿಗೆ ಬಂತು. ಹೇಳಲಿಲ್ಲ. ಮುಂದೆಯೂ ಹೇಳಲಾಗಲಿಲ್ಲ.

ಪೊಲೀಸರು ಮೂಲ ನಕ್ಷೆಯನ್ನು ಸುರುಳಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಒಯ್ದರು. ಕೇಸು ಮುಗಿದ ಮೇಲೆ ಅರ್ಜಿ ಹಾಕಿದರೆ ವಾಪಸು ಸಿಗುತ್ತದೆ, ನಾನು ಬರೆದುಕೊಡುತ್ತೇನೆ ಎಂದು ಹಾಲೇಶ್ ಮೇಷ್ಟ್ರು ಎರಡು ಸಲ ಹೇಳಿದರು. ಬೇಡ ಸಾರ್ ಎಂದ ಬಾಲರಾಜ್. ಮಳೆ ನಿಂತದ್ದೇ ಸಾಹುಕಾರರು ಜೆಸಿಬಿ ತರಿಸಿದರು. ತೋಟದೊಳಗೆ ಇನ್ನೊಂದು ಹೆಣ ಬೀಳುವುದು ಅವರಿಗೆ ಬೇಕಿರಲಿಲ್ಲ. ಅದನ್ನು ತಪ್ಪೆಂದು ಬಾಲರಾಜನೂ ಹೇಳಲಾರದವನಾಗಿದ್ದ. ಹಳೇ ಕಾಫಿ ಗಿಡಗಳನ್ನು ಕಿತ್ತು ದಿಬ್ಬವನ್ನು ಅಗಳಿಗೆ ತಳ್ಳಿದರು, ಕಲ್ಲುಗಳನ್ನು ಗುಂಡಿಗಳಿಗೆ ತುಂಬಿದರು, ಮುಖ ಸವೆದ ವೀರರು ಮಣ್ಣಿನಡಿ ಹೋದರು. ಬೀದಿ ಇದ್ದಲ್ಲಿ ಟ್ರ್ಯಾಕ್ಟರ್ ತಿರುಗಿತು. ಮುಂದಿನ ಮುಂಗಾರಿಗೆ ಅಲ್ಲಿ ರೊಬಸ್ಟಾ ಕಾಫಿ ಸಸಿ ನೆಟ್ಟರು. ಸಸಿಗಳ ಲೆಕ್ಕ ಬರೆದವನು ಬಾಲರಾಜನೇ.

ತಂಗಮ್ಮ ಜಗಳವಾಡಲಿಲ್ಲ. ತವರಿಗೆ ಹೋಗಿ ಕೂರಲೂ ಇಲ್ಲ. ಅಡುಗೆ ಮಾಡಿದಳು, ಕೆಲಸಕ್ಕೆ ಹೋದಳು, ಕೇಳಿದ್ದಕ್ಕೆ ಹೌದು ಇಲ್ಲ ಎಂದಳು. ಬಯ್ದಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಎಷ್ಟೋ ಸಲ ಅವಳು ಬಯ್ಯಲಿ ಎಂದೇ ಸಾರು ಚೆನ್ನಾಗಿಲ್ಲ ಅಂದದ್ದುಂಟು. ಅವಳು ತಟ್ಟೆ ತೆಗೆದುಕೊಂಡು ಹೋಗಿ ತೊಳೆದಿಡುತ್ತಿದ್ದಳು.

ವರ್ಷದ ತಿಥಿಗೆ ಕಳಸದಿಂದ ಅತ್ತೆ ರಂಗಮ್ಮ ಬಂದರು. ಮಗ ಸತ್ತ ಜಾಗವನ್ನು ಅವರು ನೋಡಿರಲಿಲ್ಲ. ಹೆಣವನ್ನು ಆಂಬುಲೆನ್ಸಿನಲ್ಲಿ ಕಳಸಕ್ಕೇ ಕಳಿಸಿದ್ದರು.

“ಅವನಿಗೆ ಕಡುಬು ಅಂದ್ರೆ ಪ್ರಾಣ. ಅಲ್ಲಿ ಎರಡು ಇಟ್ಟು ಬರ್ತೀನಪ್ಪ. ನಂಗೆ ಆ ಜಾಗ ತೋರ್ಸು,” ಎಂದು ಅಳಿಯನ ಕೈ ಹಿಡಿದುಕೊಂಡರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಕ್ಷೆಯ ವಿಷಯ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಮೂವರೂ ಗುಡ್ಡ ಹತ್ತಿದರು. ಮುದುಕಿ ನಿಂತು ನಿಂತು ಬರುತ್ತಿದ್ದರು, ತಂಗಮ್ಮ ತೋಳು ಹಿಡಿದಿದ್ದಳು. ಮೇಲೆ ಹೋಗಿ ನಿಂತ ಬಾಲರಾಜನಿಗೆ ದಿಕ್ಕೇ ತೋಚಲಿಲ್ಲ. ನೆರಳಿನ ಮರಗಳನ್ನೂ ಕಡಿದಿದ್ದರು. ಎತ್ತ ನೋಡಿದರೂ ಮೊಣಕಾಲುದ್ದದ ಸಸಿ, ಒಂದರಂತೆ ಇನ್ನೊಂದು. ಹೆಬ್ಬಾಗಿಲು ಇದ್ದದ್ದು ಎಡಕ್ಕೋ ಬಲಕ್ಕೋ? ಬಾವಿ ಎಲ್ಲಿ? ಇಷ್ಟು ದೂರ ಬಂದ ಮೇಲೆ ಇಳಿಜಾರು ಶುರುವಾಗಬೇಕಿತ್ತು, ಇಳಿಜಾರನ್ನೂ ಮಟ್ಟ ಮಾಡಿದ್ದರು. ಕಣ್ಣು ಮುಚ್ಚಿದರೆ ನಕ್ಷೆಯ ಒಂದೊಂದು ಮನೆಯ ಹುಲ್ಲೂ ಕಾಣುತ್ತಿತ್ತು. ಕಣ್ಣು ತೆರೆದರೆ ಆ ಊರನ್ನು ಈ ನೆಲದ ಮೇಲೆ ಎಲ್ಲಿ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಅವನು ಸಾಲಿನಿಂದ ಸಾಲಿಗೆ ಹೋದ, ಹಿಂದೆ ಬಂದ.

“ಎಲ್ಲಪ್ಪ?” ಎಂದರು ರಂಗಮ್ಮ. ಅವರ ಉಸಿರು ಕಟ್ಟುತ್ತಿತ್ತು.

“ಇಲ್ಲೇ ಅತ್ತೆ,” ಎಂದು ಅವನು ಕಾಲಬುಡದ ಎರಡು ಸಸಿಗಳ ನಡುವಿನ ಜಾಗ ತೋರಿಸಿದ.

ಮುದುಕಿ ಕುಕ್ಕರುಗಾಲಲ್ಲಿ ಕೂತರು. ಬಾಳೆಲೆ ಹಾಸಿ ಕಡುಬು ಇಟ್ಟರು, ಸೇವಂತಿಗೆ ಇಟ್ಟರು. ನೆಲವನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತ, ಮಲಗಿದ ಮಗುವಿಗೆ ಹೇಳುವ ಹಾಗೆ ಏನೋ ಹೇಳುತ್ತ ಹೋದರು. ತಂಗಮ್ಮ ಒಮ್ಮೆ ಆ ಜಾಗವನ್ನೂ, ಒಮ್ಮೆ ಗಂಡನನ್ನೂ ನೋಡಿದಳು. ಎಷ್ಟೋ ಭಾನುವಾರ ಟೇಪು ಹಿಡಿದು ಆ ಗುಡ್ಡ ತುಳಿದವಳು ಅವಳು. ಇದು ಆ ಜಾಗವಲ್ಲವೆಂದು ಅವಳಿಗೆ ತಿಳಿಯಿತು. ಅವಳು ಮುಖ ತಿರುಗಿಸಿ ತಾಯಿಯ ಪಕ್ಕದಲ್ಲಿ ಕೂತು ತಾನೂ ಒಂದು ಹೂ ಇಟ್ಟಳು.

ಇಳಿಯುವಾಗ ರಂಗಮ್ಮ, ಬರುವ ವರ್ಷವೂ ಕರೆದುಕೊಂಡು ಬಾರಪ್ಪ, ಜಾಗ ಕಂಡ ಮೇಲೆ ಮನಸ್ಸು ಹಗುರಾಯಿತು ಎಂದರು. ಬಾಲರಾಜ್ ಹೂಂ ಎಂದು ಹಿಂದಿರುಗಿ ನೋಡಿದ. ಬರುವ ವರ್ಷ ಇದೇ ಸುಳ್ಳು ಜಾಗವನ್ನು ಮತ್ತೆ ಹುಡುಕಿ ತೋರಿಸಬೇಕಿತ್ತು. ಅಷ್ಟರಲ್ಲಿ ಸಸಿಗಳು ಎದೆಯುದ್ದ ಬೆಳೆದಿರುತ್ತವೆ. ಗುರುತಿಟ್ಟುಕೊಳ್ಳಲು ಒಂದು ಕಲ್ಲಾದರೂ ಇದೆಯೇ ಎಂದು ಅವನು ಕಣ್ಣು ಹಾಯಿಸಿದ. ಒಂದೂ ಕಾಣಲಿಲ್ಲ.