ಇಪ್ಪತ್ತಾರು ಮೊಳೆಗಳ ಬಳ್ಳಿ

ಅಲೆಕ್ಸಾಂಡ್ರಿಯಾದ ಅನ್ಫೂಷಿ ಕೇರಿಯಲ್ಲಿ ಮುಂಜಾವಿನ ಬಾಂಗು ಮುಗಿದಿದೆ, ಬೀದಿದೀಪಗಳು ಇನ್ನೂ ಆರಿಲ್ಲ. ಸನಿಯ್ಯಾ ನಮಾಜಿನ ಚಾಪೆ ಮಡಚಿಟ್ಟು, ಕಿಟಕಿಯ ಅಂಚಿನ ಜಾಮ್ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ. ನೀರಿನಲ್ಲಿ ನಿಂತ ಬಳ್ಳಿತುಂಡುಗಳಲ್ಲಿ ಬೇರೊಡೆದವು ಬುಟ್ಟಿ ಸೇರುತ್ತವೆ. ಒಡೆಯದವುಗಳಿಗೆ, "ಅವಸರ ಏನಿಲ್ಲ, ನಾಳೆ ನೋಡೋಣ" ಎಂಬ ಸಮಾಧಾನ.

ಅರವತ್ಮೂರು ವರ್ಷದ ಸನಿಯ್ಯಾ ಮೂವತ್ನಾಲ್ಕು ವರ್ಷಗಳಿಂದ ಇತರರ ಮನೆಯೊಳಗಿನ ಬಳ್ಳಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಮೊದಲು ನೆಲ ಒರೆಸುವ ಕೆಲಸವಿತ್ತು. ಒಬ್ಬ ಯಜಮಾನಿ ಬೋಳಾದ ಮನಿಪ್ಲಾಂಟನ್ನು ಕಸಕ್ಕೆ ಹಾಕಲು ಕೊಟ್ಟಾಗ, ಅದನ್ನು ಗೆಣ್ಣುಗೆಣ್ಣಿಗೆ ಕತ್ತರಿಸಿ ಉಪ್ಪಿನಕಾಯಿ ಜಾಡಿಯ ನೀರಿನಲ್ಲಿಟ್ಟರು. ತಿಂಗಳಾಗುವಷ್ಟರಲ್ಲಿ ಅದೇ ಯಜಮಾನಿ, "ಎಲ್ಲಿಂದ ತಂದೆ? ನನಗೂ ಒಂದು ಕೊಡು" ಎಂದರಂತೆ. ಈಗ ದಿನಕ್ಕೆ ಒಂಬತ್ತು ಮನೆ. ಹೆಚ್ಚಿನವು ಲಿಫ್ಟಿಲ್ಲದ ಮೂರು, ನಾಲ್ಕನೆಯ ಮಹಡಿಗಳು. ಮಂಡಿ ನೋಯುತ್ತದೆ, ಪ್ರತಿ ತಿರುವಿನಲ್ಲೂ ನಿಂತು ದೇವರ ಹೆಸರು ಹೇಳಿ ಮುಂದಿನ ಮೆಟ್ಟಿಲು ಹತ್ತುತ್ತಾರೆ.

ಹೊಸ ಮನೆಗೆ ಹೋದರೆ ಮೊದಲು ದೀಪ ಆರಿಸಿ ಸುಮ್ಮನೆ ಕೂರುತ್ತಾರೆ. ಅಂಗೈ ಗೆರೆ ಕಾಣುವಷ್ಟು ಬೆಳಕಿದ್ದರೆ ಮನಿಪ್ಲಾಂಟ್ ಬದುಕುತ್ತದೆ. ಸಮುದ್ರಕ್ಕೆ ತೆರೆದ ಕಿಟಕಿಯಾದರೆ ಎರಡು ಮಾರು ಈಚೆಗೆ, ಇಲ್ಲವಾದರೆ ಉಪ್ಪುಗಾಳಿ ಎಲೆಯಂಚನ್ನು ಸುಟ್ಟುಬಿಡುತ್ತದೆ. "ಗೋಡೆ ನೋಡಿ ಬಳ್ಳಿ ಕೊಟ್ಟರೆ ಕೆಟ್ಟೆ" ಎನ್ನುತ್ತಾರೆ ಸನಿಯ್ಯಾ. "ಮನೆಯವಳನ್ನ ನೋಡಬೇಕು. ಮರೆಗುಳಿಗೆ ದಪ್ಪ ಎಲೆಯದು ಕೊಡ್ತೀನಿ, ನೀರಿಲ್ಲದೇನೂ ಹದಿನೈದು ದಿನ ತಡೆಯುತ್ತೆ. ಸುಮ್ಮನಿರೋಕೆ ಬಾರದವಳಿಗೇ ಕಷ್ಟ. ದಿನಾ ನೀರು ಹಾಕಿ ಹಾಕಿ ಕೊಲ್ತಾಳೆ, ಪ್ರೀತಿಯಿಂದ."

ಇಂದು ಅವರ ಮೊದಲ ಮನೆ ನಜ್ಲಾ ಅವರದು. ನಜ್ಲಾರ ಗಂಡ ಫಿಕ್ರಿ ಬಲೆ ಹೆಣೆಯುತ್ತಿದ್ದವರು. ಅವರು ತೀರಿಕೊಂಡು ಇಂದಿಗೆ ನಲವತ್ತನೆಯ ದಿನ, ಶೋಕ ಮುಗಿಯುವ ದಿನ.

ಆ ಮನೆಯ ನಡುಕೋಣೆಯಲ್ಲಿ ಒಂದೇ ಕುಂಡದ ಮನಿಪ್ಲಾಂಟ್ ನಾಲ್ಕೂ ಗೋಡೆ ಸುತ್ತಿ ಬಾಗಿಲ ಮೇಲೆ ಬಂದು ನಿಂತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಫಿಕ್ರಿ ಇಪ್ಪತ್ತಾರು ಮೊಳೆ ಹೊಡೆದು, ಬಲೆಯ ದಾರದಿಂದ ಬಲೆಯದೇ ಗಂಟು ಹಾಕಿ ಅದನ್ನು ನಡೆಸಿದ್ದರು. ಸಾವಿನ ಹನ್ನೆರಡನೆಯ ದಿನ ನಜ್ಲಾ ಕರೆ ಕಳಿಸಿದಾಗ ಬಳ್ಳಿಯ ಅರ್ಧ ಎಲೆಗಳು ಹಳದಿಯಾಗಿದ್ದವು.

"ಸನಿಯ್ಯಾ, ಇದೂ ಹೊರಡ್ತಾ ಇದೆ ಕಣೇ" ಎಂದು ನಜ್ಲಾ ಅತ್ತರು. "ಅವರು ಎರಡನೇ ಸಲ ಹೋದ ಹಾಗಾಗುತ್ತೆ. ಇದನ್ನ ಉಳಿಸಿಕೊಡು."

ಶೋಕದ ಮನೆಯೆಂದು ಕಿಟಕಿಬಾಗಿಲುಗಳೆಲ್ಲ ಮುಚ್ಚಿದ್ದವು. ನಜ್ಲಾ ದಿನಕ್ಕೆರಡು ಸಲ ನೀರು ಹಾಕುತ್ತಿದ್ದರು. ಸನಿಯ್ಯಾ ಕುಂಡದ ಮಣ್ಣನ್ನು ಚಿಟಿಕೆ ತೆಗೆದು ಮೂಸಿದರು. ಕೊಳೆತ ಬೇರಿನ ವಾಸನೆಯೊಂದಿಗೆ ಏಲಕ್ಕಿಯ ವಾಸನೆ. ಬೆರಳಿಗೆ ಅಂಟಿದ್ದು ಕಾಫಿಯ ಚರಟ. ಸಂತಾಪ ಹೇಳಲು ಬಂದ ಹೆಂಗಸರಿಗೆ ಮೊದಲ ಮೂರು ಸಂಜೆಯೂ ಸಕ್ಕರೆಯಿಲ್ಲದ ಕಾಫಿ ಕೊಟ್ಟಿದ್ದರು. ಬೇಡವೆನ್ನುವಂತಿಲ್ಲ, ಕುಡಿಯಲೂ ಆಗದು. ಕುಂಡ ಕುರ್ಚಿಗಳ ಹಿಂದೆಯೇ ಇತ್ತು.

ಪಕ್ಕದ ಮನೆಯ ಬುಸೈನಾ ಸಿಡಿದರು. "ಯಾವಳು ಸುರಿದಳೋ, ಅವಳ ಕೈ ಸೇದಿಹೋಗ!"

"ಬೇಡಮ್ಮಾ, ಈ ಕೈ ಇನ್ನೂ ಕೆಲಸಕ್ಕೆ ಬೇಕು" ಎಂದರು ಸನಿಯ್ಯಾ. "ಮೂರನೇ ಸಂಜೆಯ ಬಟ್ಟಲು ನಾನೇ ಸುರಿದೆ."

ಬುಸೈನಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು, "ಹಾಗಾದರೆ ನನ್ನ ಎರಡು ಬಟ್ಟಲನ್ನೂ ಸೇರಿಸ್ಕೋ" ಎಂದರು. ನಜ್ಲಾ ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. ನಕ್ಕದ್ದಕ್ಕೆ ಮತ್ತೆ ಅತ್ತರು.

ಬೇರು ಹೋಗಿತ್ತು. ಬಳ್ಳಿಯನ್ನು ಇಡಿಯಾಗಿ ಉಳಿಸುವಂತಿರಲಿಲ್ಲ. "ಕತ್ತರಿಸಬೇಕು ಅಕ್ಕಾ" ಎಂದಾಗ ನಜ್ಲಾ ಗೋಡೆಗೆ ಬೆನ್ನು ಕೊಟ್ಟು ನಿಂತರು. "ಅವರು ಕಟ್ಟಿದ ಗಂಟಿಗೆ ಕತ್ತರಿ ಹಾಕ್ತೀಯಾ?"

"ಗಂಟು ಮುಟ್ಟೋದಿಲ್ಲ. ಗಂಟು ಗಂಟುಗಳ ನಡುವೆ ಕತ್ತರಿಸ್ತೀನಿ. ದಾರ, ಮೊಳೆ ಎಲ್ಲ ಇದ್ದಲ್ಲೇ ಇರುತ್ತೆ. ಆದರೆ ತುಂಡುಗಳಿಗೆ ಬೆಳಕು ಬೇಕು. ಕಿಟಕಿ ತೆಗೀಬೇಕು."

"ನಲವತ್ತು ತುಂಬೋ ಮೊದಲೇ? ಕೇರಿ ಏನಂದೀತು?"

"ಕೇರಿ ಕಾಫಿ ಸುರಿದಿದೆ. ಅದಕ್ಕೆ ಮಾತಾಡೋ ಬಾಯಿಲ್ಲ."

ನಜ್ಲಾ ಗೋಡೆ ಬಿಟ್ಟು ಬಂದು ತಾವೇ ಕಿಟಕಿಯ ಅಗುಳಿ ಸರಿಸಿದರು.

ಹಳದಿಯಾಗದ ಕಡೆಯಿಂದ ಇಪ್ಪತ್ಮೂರು ತುಂಡುಗಳು ಸಿಕ್ಕವು. ಪ್ರತಿಯೊಂದಕ್ಕೂ ಒಂದು ಗೆಣ್ಣು, ಒಂದು ಎಲೆ. ಗೆಣ್ಣು ನೀರಿನೊಳಗೆ, ಎಲೆ ಹೊರಗೆ. ಚಹಾದ ಗಾಜಿನ ಲೋಟಗಳು ಸಾಲದೆ ಬುಸೈನಾ ತಮ್ಮ ಮನೆಯವನ್ನೂ ತಂದರು. ದಿನ ಬಿಟ್ಟು ದಿನ ನೀರು ಬದಲಿಸುವ ಕೆಲಸವನ್ನು ಸನಿಯ್ಯಾ ನಜ್ಲಾರಿಗೇ ಒಪ್ಪಿಸಿದರು. ಸುಮ್ಮನಿರಲಾರದ ಕೈಗೆ ಏನಾದರೂ ಬೇಕಲ್ಲ.

ಇಂದು ಲೋಟಗಳನ್ನು ಎತ್ತಿ ನೋಡಿದರೆ ಹದಿನೆಂಟರಲ್ಲಿ ಬಿಳಿಯ ಬೇರುಗಳಿವೆ. ಸಂಜೆ ಕುರಾನ್ ಪಠಣ ಮುಗಿದ ಮೇಲೆ ಬಂದವರಿಗೆಲ್ಲ ಒಂದೊಂದು ತುಂಡು ಫಿಕ್ರಿಯ ಹೆಸರಿನಲ್ಲಿ ದಾನ. "ಕಾಫಿ ಸುರಿದವರಿಗೆ ಮೊದಲು" ಎಂದು ನಜ್ಲಾ ಗದರುತ್ತಾರೆ. ತುದಿಯ ಚಿಗುರಿದ್ದ ತುಂಡು ಮಾತ್ರ ಆ ಮನೆಯದು. ಸನಿಯ್ಯಾ ಹಳೆಯ ಕುಂಡಕ್ಕೆ ಹೊಸ ಮಣ್ಣು ತುಂಬಿ ಅದನ್ನು ನೆಟ್ಟು, ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಹಳೆಯ ಬಳ್ಳಿ ಬಿಡಿಸಿದ ಗೋಡೆಗಳ ಮೇಲೆ ಇಪ್ಪತ್ತಾರು ಮೊಳೆಗಳೂ ಬರಿದಾಗಿ ನಿಂತಿವೆ, ಪ್ರತಿಯೊಂದರಲ್ಲೂ ಬಲೆಯ ದಾರದ ಗಂಟು.

"ನಾಲ್ಕೂ ಗೋಡೆ ಸುತ್ತೋಕೆ ಇನ್ನೆಷ್ಟು ವರ್ಷ ಬೇಕು ಕಣೇ?" ನಜ್ಲಾ ಕೇಳುತ್ತಾರೆ.

"ಅಷ್ಟು ದಿನ ನಾನಿರೋದಿಲ್ಲ ಅಕ್ಕಾ."

"ನಾನಂತೂ ಇರೋದಿಲ್ಲ. ಮೊಳೆ ಇರುತ್ತಲ್ಲ, ಬಿಡು."

ನಿಮ್ಮ ಆಸೆಯೇನೆಂದು ಅಲ್ಲಿ ಯಾರಾದರೂ ಕೇಳಿದರೆ ಸನಿಯ್ಯಾ ಕುಂಡದಿಂದ ಮೊದಲ ಮೊಳೆಯವರೆಗೆ ಗೇಣು ಹಾಕಿ ತೋರಿಸುತ್ತಾರೆ. ನಾಲ್ಕು ಗೇಣು.

"ಬಳ್ಳಿ ಇಷ್ಟು ಬೆಳೆದದ್ದು ನೋಡಿಬಿಟ್ಟರೆ ಸಾಕು. ಫಿಕ್ರಿಯ ಗಂಟಿಗೆ ಅದನ್ನ ಕೈಯಾರೆ ದಾಟಿಸಿ, ಆಮೇಲೆ ಅಲ್ಲಾಹ್ ಕರೆದಾಗ ಹೋಗ್ತೀನಿ."