ಎರಡೂ ಕಡೆ ಕೇಳಿಸಿದವನು

ವಿದ್ಯಾರಣ್ಯಪುರದ ಬಸ್‌ಸ್ಟಾಪಿನ ಎದುರು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವವನೊಬ್ಬನಿದ್ದ. ನಮ್ಮ ಕಾಲೇಜು ದಿನಗಳಲ್ಲಿ ಯಾವ ರ‍್ಯಾಪರ್ ಹೊಸ ಆಲ್ಬಮ್ ತಂದ, ಯಾರು ಯಾರನ್ನು ಹಾಡಿನಲ್ಲೇ ಬೈದ ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದುದು ಅವನಿಗೇ. ಯಾರ ಪರ ಎಂದು ಕೇಳಿದರೆ, ಕಿವಿಗೆ ಸಿಕ್ಕಿಸಿದ ಪೆನ್ನನ್ನು ಸರಿಮಾಡಿಕೊಳ್ಳುತ್ತ ಹೇಳುತ್ತಿದ್ದ: "ಎರಡೂ ಕಡೆ ಕೇಳ್ಬೇಕು ಮಗಾ."

ಕೇಳಿಸಿಯೂ ಬಿಡುತ್ತಿದ್ದ. ನಾನು ಆರ್.ಟಿ. ನಗರದ ರ‍್ಯಾಪರ್‌ನ ಅಭಿಮಾನಿ, ನನ್ನ ಗೆಳೆಯ ಯಶವಂತಪುರದವನ ಕಡೆ. ನನ್ನ ಕಾರ್ಡಿನ ಕೊನೆಯಲ್ಲಿ ಯಶವಂತಪುರದವನ ಬೈಗುಳ, ಗೆಳೆಯನ ಕಾರ್ಡಿನಲ್ಲಿ ಆರ್.ಟಿ. ನಗರದವನ ಉತ್ತರ, ನಾವು ಕೇಳದೆಯೇ ಸೇರಿರುತ್ತಿದ್ದವು. ಹೀಗೇ ನಾವಿಬ್ಬರೂ ಮಾತು ಬಿಟ್ಟು ತಿಂಗಳಾಯಿತು.

ಅಷ್ಟರಲ್ಲಿ ಆ ರ‍್ಯಾಪರ್‌ಗಳೇ ರಾಜಿಯಾಗಿ ಜೊತೆಯಲ್ಲಿ ಹಾಡಿದ ಸುದ್ದಿ ಬಂತು. ನಮಗೂ ನಾಚಿಕೆಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ಅಂಗಡಿಗೆ ಹೋದೆವು.

"ನಮ್ದೂ ರಾಜಿ ಆಯ್ತು ಗುರು, ಆ ಹಾಡು ಹಾಕ್ಕೊಡು," ಎಂದ ಗೆಳೆಯ.

ಅಂಗಡಿಯವನ ಮುಖ ಸಪ್ಪಗಾಯಿತು. ಹಾಡು ತುಂಬಿಸಿ, ಕಾರ್ಡುಗಳನ್ನು ಉಫ್ ಎಂದು ಊದಿ ಕೈಗಿಡುತ್ತ ಮೆಲ್ಲಗೆ ಕೇಳಿದ: "ಅದ್ಸರಿ, ಇದ್ರಲ್ಲಿ ಯಾರು ಚೆನ್ನಾಗ್ ಹಾಡಿರೋದು?"

ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು. ನಾನು ಡ್ರೈವರ್ ಹಿಂದೆ ಕೂತೆ, ಗೆಳೆಯ ಕಟ್ಟಕಡೆಯ ಸೀಟಿನಲ್ಲಿ.