ಮೂರನೇ ಹಾರ್ನ್ ಆಗಲಿಲ್ಲ

ಇದನ್ನು ನಂಬಿ ಅಂತ ನಾನು ಯಾರ ಕಾಲೂ ಹಿಡಿಯುವುದಿಲ್ಲ. ನಂಬದಿದ್ದರೆ ನಿಮಗೇನೂ ನಷ್ಟವಿಲ್ಲ. ಆದರೆ ನಡೆದದ್ದು ನಡೆದೇ ಇದೆ, ಅದೂ ನನಗೇ ನಡೆದದ್ದು. ದೆವ್ವ ಭೂತ ಅಂತ ಬಾಯಿ ಬಿಟ್ಟವರನ್ನು ಹರೆಯದಿಂದಲೂ ಬೈದು ಕಳಿಸಿದವನು ನಾನು. ಹೆಸರು ಹನುಮೇಶ, ಊರು ದೇವದುರ್ಗ ತಾಲೂಕಿನ ಮಸರಕಲ್, ಕೆಲಸ ಕರೆಂಟಿನದು.

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ, ಕಲ್ಲೂರು ಇನ್ನೂ ದೂರವಿರುವಾಗಲೇ, ಬಯಲಿನಲ್ಲಿ ನಾವೊಂದು ಎತ್ತರದ ಬಿಳಿ ಕಟ್ಟಡ ಎಬ್ಬಿಸಿದೆವು. ಒಳಗೆ ಗಾಜಿನ ಗುಂಡನೆಯ ಕೋಣೆ. ಕೆಳಗಿನಿಂದ ಗಾಳಿ ಎಷ್ಟು ಜೋರಾಗಿ ನುಗ್ಗುತ್ತದೆಂದರೆ ಮನುಷ್ಯ ಅದರ ಮೇಲೆ ಬೋರಲಾಗಿ ಮಲಗಿ ತೇಲಬಹುದು. ವಿಮಾನದಿಂದ ಜಿಗಿದ ಅನುಭವ ಬೇಕೆನ್ನುವವರಿಗೆ ವಿಮಾನ ಹತ್ತುವ ಗೊಡವೆ ಇಲ್ಲ. ಮೇಲೆ ಆಳೆತ್ತರದ ಫ್ಯಾನುಗಳು. ಅವು ಎಳೆದ ಗಾಳಿ ಪಕ್ಕದ ತಗಡಿನ ಸುರಂಗದಲ್ಲಿ ಇಳಿದು, ನೆಲದಡಿ ಸುತ್ತು ಹಾಕಿ, ಮತ್ತೆ ಗಾಜಿನ ಕೋಣೆಗೆ ಬರುತ್ತದೆ. ಸುತ್ತಲಿನ ಜನ ಇದಕ್ಕೆ ಗಾಳಿಗೋಪುರ ಅಂತ ಹೆಸರಿಟ್ಟು ನಗುತ್ತಿದ್ದರು.

ಗೇಟು ಕಾಯುತ್ತಿದ್ದ ಯಾಪಲದಿನ್ನಿಯ ಮುದುಕ ಮಾತ್ರ ನಗಲಿಲ್ಲ.

"ತಮ್ಮಾ, ಗಾಳಿಗಿ ಮನಿ ಕಟ್ಟೀರಿ. ಮನಿ ಖಾಲಿ ಇಡಬಾರ್ದು. ಯಾರರ ಬಂದು ಇದ್ದಬಿಡ್ತಾರ" ಅಂದಿದ್ದ.

ನಮ್ಮ ಕಡೆ ಗಾಳಿ ಅಂದರೆ ಬೀಸುವುದಷ್ಟೇ ಅಲ್ಲ, ಮೈಮೇಲೆ ಬರುವುದೂ ಗಾಳಿಯೇ. "ನಿನ್ನ ಬೀಡಿ ನೀ ಸೇದು ಯಪ್ಪಾ" ಅಂತ ಹೇಳಿ ಒಳಗೆ ಹೋಗಿದ್ದೆ.

ಉದ್ಘಾಟನೆಯ ಹಿಂದಿನ ರಾತ್ರಿ. ಫ್ಯಾನುಗಳನ್ನು ಪೂರ್ಣ ವೇಗದಲ್ಲಿ ಅರ್ಧ ತಾಸು ಓಡಿಸಿ ನೋಡುವುದು ಬಾಕಿ ಇತ್ತು. ಅಷ್ಟು ಕರೆಂಟನ್ನು ರಾತ್ರಿ ಹತ್ತರ ಮೇಲೆ ಮಾತ್ರ ಎಳೆಯಬೇಕೆಂದು ನಮಗೆ ಹೇಳಿದ್ದರು. ಹೀಗಾಗಿ ಉಳಿದವರು ಮೂರೇ ಜನ. ಕಂಟ್ರೋಲ್ ರೂಮಿನಲ್ಲಿ ಇಂಜಿನಿಯರ್ ಸುನಂದಾ ಮೇಡಂ, ದೇವದುರ್ಗದವರು. ತಗಡಿನ ಕೆಲಸವೆಲ್ಲ ಮಾಡಿದ ಫಿಟ್ಟರ್ ಖಾಜಾ, ಹದಿನೈದು ವರ್ಷ ಸೈಟಿನಿಂದ ಸೈಟಿಗೆ ನನ್ನ ಜೊತೆ ತಿರುಗಿದವ. ಮತ್ತೆ ನಾನು.

ನಮ್ಮಲ್ಲೊಂದು ಕಟ್ಟುನಿಟ್ಟು. ಸುರಂಗದೊಳಗೆ ಯಾರೇ ಹೋಗಲಿ, ಮೊದಲು ಮೇನ್ ಸ್ವಿಚ್ಚಿಗೆ ತನ್ನ ಹೆಸರಿನ ಬೀಗ ಹಾಕಬೇಕು. ಹೊರಗೆ ಬಂದ ಮೇಲೆ ತಾನೇ ತೆಗೆಯಬೇಕು. ಇನ್ನೊಬ್ಬರ ಬೀಗ ಮುಟ್ಟುವಂತಿಲ್ಲ. ಬೀಗ ಇರುವ ತನಕ ಫ್ಯಾನ್ ತಿರುಗುವುದಿಲ್ಲ. ನನ್ನ ಕೀಲಿಯನ್ನು ನಾನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಖಾಜಾ ನೋಡಿ ನಗುತ್ತಿದ್ದ. ಜೇಬಿನಿಂದ ಕೀಲಿ ಬೀಳಿಸಿಕೊಂಡು ದಿನಾ ಹುಡುಕುತ್ತಿದ್ದವನೂ ಅವನೇ.

ಆ ಹೊತ್ತಿಗೆ ಎಲ್ಲರ ಬೀಗ ತೆಗೆದಾಗಿತ್ತು. ಆದರೂ ಬಾಗಿಲು ಹಾಕುವ ಮುನ್ನ ನನ್ನ ರೂಢಿಯಂತೆ ಸುರಂಗದೊಳಗೆ ತಲೆ ಹಾಕಿ ಕೂಗಿದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ. ಎಷ್ಟು ಬೈದರೂ ಕೂಲಿಯವರು ಉಂಡು ನೆಲದಡಿಯ ತಂಪಿಗೆ ಹೋಗಿ ಅಡ್ಡಾಗುತ್ತಿದ್ದರು.

"ಒಳಗ ಯಾರರ ಅದೀರೇನ್ರೀ? ಇದ್ರ ಹೊರಗ ಬರ್ರಿ!"

ತಗಡು ಗುಂಯ್ ಅಂತು. ಸುಮ್ಮನಾಯಿತು. ಆಮೇಲೆ... ತೀರ ಒಳಗಿನಿಂದ, ಯಾವ ಅವಸರವೂ ಇಲ್ಲದ ಒಂದು ದನಿ.

"ಬಂದೆ..."

ಪಕ್ಕದಲ್ಲಿದ್ದ ಖಾಜಾ ನನ್ನ ತೋಳು ಹಿಡಿದ. "ಸುನಾ ಕ್ಯಾ? ಕೇಳಿಸ್ತೇನು?" ಅಂದ ಮೆಲ್ಲಗೆ.

ಕಾದೆವು. ಹೆಜ್ಜೆ ಸಪ್ಪಳವಿಲ್ಲ. ಎರಡು ನಿಮಿಷವಾಯಿತು, ಐದಾಯಿತು. ಯಾರೂ ಬರಲಿಲ್ಲ.

"ಗೂಂಜ್ ಇರಬೇಕು ಬಿಡಲೇ, ನಿನ್ನ ದನೀನ ತಿರುಗಿ ಬಂದದ" ಅಂದ ಖಾಜಾ.

"ನಾ ಬರ್ರಿ ಅಂದೀನಿ. ಗೂಂಜು ಬಂದೆ ಅಂತದೇನು?"

ಗೋಡೆಯ ಸ್ಪೀಕರಿನಲ್ಲಿ ಮೇಡಂ ದನಿ ಬಂತು. "ಹನುಮೇಶ್, ಏನ್ ಮಾಡಾಕತ್ತೀರಿ? ಮಾಲಕ ಸಾಹೇಬ್ರ ಫೋನ್ ಎರಡ ಸಲ ಬಂತು."

"ಒಳಗ ಯಾರೋ ಮಲಗ್ಯಾರ ಮೇಡಂ. ನೋಡ್ಕೊಂಡು ಬರ್ತೀನಿ. ಅಲ್ಲೀಮಟ ಹಚ್ಚಬ್ಯಾಡ್ರಿ."

ಒಳಗೆ ಮನುಷ್ಯನಿರುವಾಗ ಫ್ಯಾನ್ ಹಚ್ಚಿದರೆ ಆ ಗಾಳಿ ಅವನನ್ನು ಎತ್ತಿ ತಗಡಿಗೆ ಬಡಿಯುತ್ತದೆ. ತಿರುವಿನಲ್ಲಿ ಗಾಳಿಯನ್ನು ತಿರುಗಿಸಲು ಉದ್ದನೆಯ ತೆಳು ತಗಡುಗಳನ್ನು ಸಾಲಾಗಿ ನಿಲ್ಲಿಸಿದ್ದೇವೆ, ಅಲ್ಲಿ ಸಿಕ್ಕರೆ... ಹೆಚ್ಚು ಹೇಳುವುದಿಲ್ಲ. ಬೆಳಗಾದರೆ ಮಕ್ಕಳು ಮರಿ ಬಂದು ಹಾರುವ ಜಾಗ. ಒಂದು ಜೀವ ತಿಂದು ಅದು ಶುರುವಾಗುವುದು ನನಗೆ ಬೇಡವಾಗಿತ್ತು.

ನನ್ನ ಬೀಗ ಹಾಕಿದೆ. ಎಳೆದು ನೋಡಿದೆ. ಕೀಲಿ ಉಡದಾರಕ್ಕೆ ಕಟ್ಟಿದೆ. ಒಳಗೆ ಮಣ್ಣು ಹೋಗಬಾರದೆಂದು ಬೂಟು ಬಾಗಿಲ ಹತ್ತಿರ ಬಿಟ್ಟು ಬರಿಗಾಲಲ್ಲಿ ಹೊಕ್ಕೆ.

ಒಳಗೆ ಸಾಲು ಬಲ್ಬುಗಳಿದ್ದವು. ಹೊಸ ಬಣ್ಣದ ವಾಸನೆ, ವೆಲ್ಡಿಂಗಿನ ಸುಟ್ಟ ವಾಸನೆ. ಹಗಲು ಕಾದ ತಗಡು ರಾತ್ರಿ ಆರುತ್ತಾ ಟಕ್... ಟಕ್... ಅನ್ನುತ್ತಿತ್ತು. ಮೊದಲ ತಿರುವಿನ ತಗಡುಗಳ ಸಂದಿಯಲ್ಲಿ ಅಡ್ಡಡ್ಡ ತೂರಿ ಆಚೆ ಹೋದೆ. ಅಲ್ಲಿ ಮತ್ತೊಂದು ವಾಸನೆ. ಕೊಬ್ಬರಿ ಎಣ್ಣೆ, ಸುಣ್ಣ ತಂಬಾಕು, ದಿನವಿಡೀ ದುಡಿದ ಬೆವರು. ಎಲ್ಲೋ ಗುರುತಿನ ವಾಸನೆ ಅನಿಸಿತು. ಯಾರದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ನನ್ನದೇ.

ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿತ್ತು. ಯಾರೂ ಇರಲಿಲ್ಲ. ಬಗ್ಗಿ ಕೈ ಇಟ್ಟೆ. ಬೆಚ್ಚಗಿತ್ತು.

ಅಲ್ಲಿಂದ ಮುಂದೆ ದಾರಿ ಇಲ್ಲ, ಮೇಲೆ ಹತ್ತುವ ಕಬ್ಬಿಣದ ಏಣಿಯೊಂದೇ. ಟಾರ್ಚ್ ಬಿಟ್ಟು ನೋಡಿದೆ. ತುದಿಯವರೆಗೂ ಖಾಲಿ. ಇನ್ನೇನು ಹಿಂದಿರುಗಬೇಕು, ದೂರದಿಂದ ಖಾಜಾ ಕೂಗಿದ್ದು ಕೇಳಿಸಿತು.

"ಹನುಮೇಶಾ, ಯಾರರ ಅದಾರೇನೋ?"

ನಾನು ಬಾಯಿ ತೆರೆಯುವ ಮೊದಲೇ, ಬಾಗಿಲ ಕಡೆಯಿಂದ ಉತ್ತರ ಹೋಯಿತು. ನನ್ನ ದನಿಯಲ್ಲಿ.

"ಯಾರಿಲ್ಲ. ಬಂದೆ..."

ಏಣಿ ಬಿಟ್ಟು ಆ ಕಡೆ ತಿರುಗಿದೆ. ಅಷ್ಟರಲ್ಲಿ ಬಾಗಿಲು ಧಡ್ ಅಂತ ಬಿತ್ತು. ಬೋಲ್ಟ್ ಎಳೆದ ಸಪ್ಪಳ. ಬಲ್ಬುಗಳು ಆರಿದವು. ಫ್ಯಾನ್ ಹಚ್ಚುವ ಮುನ್ನ ಒಳಗಿನ ದೀಪ ಆರಿಸುವುದು ನಮ್ಮ ಪದ್ಧತಿ.

ಬೀಗ ಇದೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಬೀಗ ಇರುವ ತನಕ ತಿರುಗುವುದಿಲ್ಲ. ಉಡದಾರ ಮುಟ್ಟಿ ನೋಡಿದೆ, ಕೀಲಿ ಅಲ್ಲೇ ಇತ್ತು.

ಆಗ ಹಾರ್ನ್ ಕೂಗಿತು.

ಒಟ್ಟು ಮೂರು ಹಾರ್ನ್. ಮೂರನೆಯದರ ಬೆನ್ನಿಗೇ ಫ್ಯಾನು. ಬೀಗ ಇದ್ದರೆ ಒಂದೂ ಆಗುವುದಿಲ್ಲ.

ಓಡಿದೆ. ಟಾರ್ಚ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಕತ್ತಲೆಯಲ್ಲಿ ತಿರುವಿನ ತಗಡಿಗೆ ಹಣೆ ಬಡಿಯಿತು, ಸಂದಿಯಲ್ಲಿ ಅಂಗಿ ಸಿಕ್ಕಿ ಹರಿಯಿತು. ಎರಡನೇ ಹಾರ್ನ್. ಬಾಗಿಲಿಗೆ ಎರಡೂ ಕೈಯಿಂದ ಬಡಿದೆ. "ಖಾಜಾ! ನಾ ಒಳಗ ಅದೀನೋ! ಖಾಜಾ!" ಗಾಳಿ ಸೋರದಂತೆ ಸುತ್ತ ದಪ್ಪ ರಬ್ಬರ್ ಕೂಡಿಸಿದ ಬಾಗಿಲು. ಹೊರಗೆ ಏನೂ ಕೇಳುವುದಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು. ಕಣ್ಣು ಮುಚ್ಚಿ ನೆಲಕ್ಕೆ ಕೂತೆ.

ಮೂರನೇ ಹಾರ್ನ್ ಆಗಲಿಲ್ಲ.

ಬಾಗಿಲು ತೆರೆಯಿತು. ಬೆಳಕಿನಲ್ಲಿ ಸುನಂದಾ ಮೇಡಂ ನಿಂತಿದ್ದರು, ಕೈಯಲ್ಲಿ ನನ್ನ ಬೂಟು. ಹಿಂದೆ ಖಾಜಾ. ಅವನು ನನ್ನನ್ನು ನೋಡಿದ, ತಿರುಗಿ ಕಟ್ಟಡದ ಮುಂಬಾಗಿಲ ಕಡೆ ನೋಡಿದ, ಮತ್ತೆ ನನ್ನನ್ನು ನೋಡಿದ.

"ನೀ... ಈಗ ಹೊರಗ ಹೋದೆಲ್ಲೋ" ಅಂದ.

ಆಮೇಲೆ ಅವರಿಬ್ಬರೂ ಹೇಳಿದ್ದು ಇಷ್ಟು. ನಾನು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದೆನಂತೆ. ನಾನೇ ಬಾಗಿಲು ಹಾಕಿ ಬೋಲ್ಟ್ ಎಳೆದೆನಂತೆ. ನಾನೇ ಬೀಗ ತೆಗೆದು ಮೇಜಿನ ಮೇಲಿಟ್ಟೆನಂತೆ. ಮೇಡಂ ಕುರ್ಚಿಯ ಹಿಂದೆ ನಿಂತು "ಯಾರಿಲ್ಲ. ಹಚ್ರಿ" ಅಂದೆನಂತೆ. ಮೇಡಂ ಗುಂಡಿ ಒತ್ತಿದರು. ಮೊದಲ ಹಾರ್ನ್ ಆಗುವಾಗ ನಾನು ಮುಂಬಾಗಿಲು ದಾಟಿ ಕತ್ತಲೆಗೆ ಹೋದದ್ದನ್ನು ಖಾಜಾ ಕಣ್ಣಾರೆ ಕಂಡ. ನೀರು ಕುಡಿಯಲು ಹೋದೆ ಅಂದುಕೊಂಡನಂತೆ.

"ಎರಡನೇ ಹಾರ್ನಿಗೆ ನನ್ನ ರೂಮಿನ ಗಾಜಿನಾಗಿಂದ ಸುರಂಗದ ಬಾಗ್ಲದ ಕಡಿ ನೋಡಿದ್ನಿ" ಅಂದರು ಮೇಡಂ. "ಬೂಟು ಅಲ್ಲೇ ಇದ್ವು. ಬೂಟು ಬಿಟ್ಟು ಕಲ್ಲಾಗ ಮುಳ್ಳಾಗ ಎಲ್ಲಿಗಿ ಹೋದ್ರಿ ಅನ್ನಿಸ್ತು. ಅದಕ್ಕ ನಿಲ್ಸಿದೆ. ಇಲ್ಲಾಂದ್ರ..."

ಕುರ್ಚಿಯಲ್ಲಿ ಕೂತು ಅತ್ತರು.

ಮೇಜಿನ ಮೇಲೆ ನನ್ನ ಬೀಗ ತೆರೆದು ಬಿದ್ದಿತ್ತು. ಒಡೆದದ್ದಲ್ಲ, ಕೀಲಿ ಹಾಕಿ ತೆಗೆದದ್ದು. ಆ ಬೀಗಕ್ಕೆ ಇರುವುದು ಒಂದೇ ಕೀಲಿ, ಅದು ನನ್ನ ಸೊಂಟದಲ್ಲಿತ್ತು. ಕ್ಯಾಮೆರಾ ನೋಡಬೇಕಿತ್ತಲ್ಲ ಅಂತೀರಿ. ವೈರ್ ಎಳೆದಿದ್ದೆವು, ಕ್ಯಾಮೆರಾಗಳು ಇನ್ನೂ ಡಬ್ಬಿಯಲ್ಲಿದ್ದವು. ಗೇಟಿನ ಮುದುಕನನ್ನು ಕೇಳಿದರೆ ಬರಿಗಾಲಿನವನೊಬ್ಬ ಮಾನ್ವಿ ಕಡೆ ನಡೆದು ಹೋದ, ನೀನೇ ಅಂದುಕೊಂಡೆ ಅಂದ.

ಆ ರಾತ್ರಿ ಫ್ಯಾನ್ ಹಚ್ಚಲಿಲ್ಲ. ಸಾಹೇಬರು ಫೋನಿನಲ್ಲಿ ಎಷ್ಟು ಕೂಗಾಡಿದರೂ ಮೇಡಂ ಜಗ್ಗಲಿಲ್ಲ. ಬೆಳಕು ಹರಿದ ಮೇಲೆ ಎಲ್ಲ ಕೂಲಿಯವರನ್ನೂ ಕರೆಸಿ, ಸಾಲಾಗಿ ನಿಲ್ಲಿಸಿ, ತಲೆ ಎಣಿಸಿದ ಮೇಲೆಯೇ ಫ್ಯಾನ್ ಓಡಿಸಿದೆವು. ಎಲ್ಲ ಸರಿ ಇತ್ತು. ಉದ್ಘಾಟನೆಯೂ ಆಯಿತು. ಏಳೆಂಟು ವರ್ಷದ ಹುಡುಗಿಯೊಬ್ಬಳು ಗಾಳಿಯಲ್ಲಿ ತೇಲುತ್ತಾ ಕಿಲಕಿಲ ನಕ್ಕಾಗ ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಈಗಲೂ ಅಲ್ಲೇ ಕೆಲಸ. ಆದರೆ ಖಾಜಾ ಮೊದಲಿನಂತಿಲ್ಲ. ಚಹಾ ಕುಡಿಯುತ್ತಾ ಕುಳಿತಾಗ ಇದ್ದಕ್ಕಿದ್ದಂತೆ ಕೇಳುತ್ತಾನೆ, "ನಮ್ಮ ಮೊದಲ್ನೇ ಸೈಟ್ ಯಾವುದು ಹೇಳು?" ಹೇಳುತ್ತೇನೆ. ತಲೆಯಾಡಿಸಿ ಚಹಾ ಮುಗಿಸುತ್ತಾನೆ. ಅವನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಒಮ್ಮೆ ನಾನೇ ಕೇಳಿದೆ, "ಆವತ್ತ ಬಂದಾಂವಗ ನನಗ ಒಂದ್ ಫರಕ್ ಸಹಿತ ಇರ್ಲಿಲ್ಲೇನೋ?"

"ಇರ್ಲಿಲ್ಲ" ಅಂದ. "ಅದಕ್ಕ ಅಂಜಿಕಿ."

ಹೊರಗೆ ಬಂದವನು ಮರಳಿ ಒಳಗೆ ಹೋದದ್ದನ್ನು ಇವತ್ತಿನವರೆಗೂ ಯಾರೂ ನೋಡಿಲ್ಲ.

ಹೋದ ವಾರ ತಂಗಿ ಮಹಾದೇವಿ ಫೋನ್ ಮಾಡಿದಳು. ಮಾನ್ವಿಯಲ್ಲಿ ಟೀಚರ್, ಗಂಡ ಮಕ್ಕಳೊಂದಿಗೆ ಅಲ್ಲೇ ಮನೆ ಮಾಡಿದ್ದಾಳೆ. ಆ ರಾತ್ರಿಯ ಸಂಗತಿ ಅವಳಿಗೆ ನಾನು ಹೇಳಿರಲಿಲ್ಲ.

"ಅಣ್ಣಾ, ನಿನ್ನಿ ಸಂಜಿಗಿ ನಮ್ಮ ಓಣ್ಯಾಗ ನಿಂತಿದ್ದೆಲ್ಲ, ಕರದ್ರೂ ಒಳಗ ಬರಲಾರ್ದ ಹಂಗ ಹೋಗಿಬಿಟ್ಟಿ. ಏನ್ ಸಿಟ್ಟೋ ನನ್ ಮ್ಯಾಲ?"

ಹಿಂದಿನ ದಿನ ರಾತ್ರಿವರೆಗೂ ನಾನು ಸೈಟು ಬಿಟ್ಟು ಕದಲಿರಲಿಲ್ಲ.

"ಯಾರೋ ಬ್ಯಾರೇದಾಂವ ಇರಬೇಕು" ಅಂದೆ.

"ಒಡಹುಟ್ಟಿದಾಂವನ ಗುರ್ತು ಸಿಗೂದಿಲ್ಲೇನು ನನಗ?"

"ಮಾದೇವಿ, ನಾ ಹೇಳೂದು ಕೇಳು. ಇನ್ನೊಮ್ಮಿ ನಾ ಹಂಗ ಬಂದು ನಿಂತ್ರ ಕರೀಬ್ಯಾಡ. ಬಾಗ್ಲಾ ತೆಗೀಬ್ಯಾಡ."

ಅವಳು ನಕ್ಕಳು. ನಾನು ನಗದಿದ್ದಾಗ ಅವಳ ನಗೂ ನಿಂತಿತು. ಮೆಲ್ಲಗೆ ಕೇಳಿದಳು.

"ಮತ್ತ... ಖರೇನ ನೀನ ಬಂದ್ರ?"

ಫೋನು ಕಿವಿಗೆ ಹಿಡಿದೇ ಇನ್ನೊಂದು ಕೈಯಿಂದ ಉಡದಾರ ಮುಟ್ಟಿ ನೋಡಿದೆ, ಕೀಲಿ ಅಲ್ಲೇ ಇತ್ತು.